ಕಾಕಾ ಮಮ್ಮಿಯನ್ನು ಮಾತಾಡಿಸಲು ಹೋದದ್ದು

ನಮ್ಮ ಕಾಕಾನ ಅಪ್ಪಣೆಯಿಲ್ಲದೆ ಪುಣೆಯಲ್ಲಿ ಒಬ್ಬ ಕನ್ನಡಿಗನೂ ಸಾಯುವಂತಿಲ್ಲ! ಸತ್ತರೂ ಸುಸೂತ್ರವಾಗಿ ಸುಡುಗಾಡು ಮುಟ್ಟುವಂತಿಲ್ಲ. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಧಾರವಾಡ ಬಿಟ್ಟು ಬಂದು, ಮಾರ್ಕೆಟ್ ಯಾರ್ಡಿನ ಬೆಲ್ಲದ ದಲಾಲಿ ಅಂಗಡಿಯಲ್ಲಿ ಕಾರಕೂನರಾಗಿ ದುಡಿದು ನಿವೃತ್ತರಾದವರು. ನಿವೃತ್ತರು ಸಾಮಾನ್ಯವಾಗಿ ಬೆಳಿಗ್ಗೆ ತೋಟಕ್ಕೆ ಹೋಗಿ ಗಹಗಹಿಸಿ ನಗುವ ಸಂಘ ಸೇರುತ್ತಾರೆ. ಇವರು ಸತ್ತವರ ಮನೆಗಳನ್ನು ಹಿಡಿದರು. ಫೋನ್ ಬಂದರೆ ಸಾಕು, ಕುಡಿಯುತ್ತಿದ್ದ ಚಹಾ ಅಲ್ಲೇ ಇಟ್ಟು ಹೊರಟರೇ! ಬಿದಿರು ಎಲ್ಲಿ ಸಿಗುತ್ತದೆ, ಯಾವ ಭಟ್ಟರು ಮಂತ್ರ ನುಂಗುವುದಿಲ್ಲ, ಜೋರಾಗಿ ಅಳುವವರನ್ನು ಎಲ್ಲಿ ಕೂಡಿಸಬೇಕು, ಎಲ್ಲ ಅವರಿಗೆ ಗೊತ್ತು.

ಅವರದು ಎರಡೇ ಕಟ್ಟಳೆ. ಮೊದಲನೆಯದು, ಹೆಣ ಎತ್ತಲು ತಡಮಾಡಬಾರದು. ಬೆಂಗಳೂರಿನಿಂದ ಅಳಿಯಂದಿರು ಬರಬೇಕು, ಸ್ವಲ್ಪ ಕಾಯೋಣ ಎಂದು ಯಾರಾದರೂ ಅಂದರೋ, ಆ ಮನೆಯವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಎರಡನೆಯದು, ಎತ್ತುವ ತನಕ ಹೆಣವನ್ನು ಒಂಟಿ ಬಿಡಬಾರದು. ಮನೆಯವರು ಅತ್ತು ಸುಸ್ತಾಗಿ ಅತ್ತಿತ್ತ ಸರಿದರೆ ಕಾಕಾ ತಾವೇ ಗೋಡೆಗೆ ಒರಗಿ ಪಕ್ಕದಲ್ಲಿ ಕೂತುಬಿಡುತ್ತಾರೆ.

ಒಮ್ಮೆ ಇಂದಾಪುರದಲ್ಲಿ, ಅಂಗಡಿಗೆ ಬೆಲ್ಲ ತರುತ್ತಿದ್ದ ಹಳೆಯ ರೈತನೊಬ್ಬ ತೀರಿಕೊಂಡನೆಂದು ಎಸ್‌ಟಿ ಬಸ್ಸು ಹತ್ತಿದರು. ಇಳಿಯುತ್ತಲೇ ಎದುರಿಗೆ ಒಂದು ಹೆಣ ಹೊರಟಿತ್ತು. ಹಿಂದುಮುಂದು ನೋಡದೆ ಹೆಗಲು ಕೊಟ್ಟರು. ಸುಡುಗಾಡಿನಲ್ಲಿ ಮುಖ ನೋಡಿದರೆ ಯಾರೋ ಬೇರೆ! ನಮ್ಮ ರೈತ ಇನ್ನೊಂದು ಗಲ್ಲಿಯಲ್ಲಿ ಇವರ ದಾರಿ ಕಾಯುತ್ತ ಮಲಗಿದ್ದ. ಕಾಕಾ ಅಲ್ಲಿಗೂ ಓಡಿ, ಇನ್ನೊಮ್ಮೆ ಹೆಗಲು ಕೊಟ್ಟು ಬಂದರು. ನಾವು ಬಿದ್ದು ಬಿದ್ದು ನಕ್ಕರೆ, ಅವನನ್ನೂ ಯಾರಾದರೂ ಹೊರಬೇಕಲ್ಲ ಎಂದು ನಮಗೇ ಬುದ್ಧಿ ಹೇಳಿದರು.

ಇಂಥವರನ್ನು ನಾನು ಲಂಡನ್ನಿಗೆ ಕರೆದುಕೊಂಡು ಹೋದೆ! ಪುಣೆಯ ಟೂರ್ ಕಂಪನಿಯೊಂದರ ಪ್ರವಾಸ; ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಹೆಂಡತಿ, ಅಂದರೆ ನಮ್ಮ ಕಾಕೂ, ಹೋದ ಮೇಲೆ ಕಾಕಾ ಒಬ್ಬರೇ ಇದ್ದರು, ಅವರನ್ನೇ ಹೊರಡಿಸಿದೆ. ತಾವು ಇಲ್ಲದಾಗ ಯಾರಾದರೂ ಹೋಗಿಬಿಟ್ಟರೆ ಏನು ಗತಿ ಎಂಬುದೊಂದೇ ಅವರ ತಕರಾರು. ಕಡೆಗೆ, ಹಾಸಿಗೆ ಹಿಡಿದಿದ್ದ ಇಬ್ಬರು ಹಿರಿಯರ ಮನೆಗೆ ಹೋಗಿ, ತಾವು ತಿರುಗಿ ಬರುವ ತನಕ ಅವಸರ ಮಾಡಬಾರದೆಂದು ವಿನಂತಿಸಿಕೊಂಡು ಬಂದರು. ಅವರಲ್ಲೊಬ್ಬ ಅಜ್ಜಿ ನಕ್ಕು ಮಾತು ಕೊಟ್ಟಳಂತೆ. ಇವತ್ತಿಗೂ ಗಟ್ಟಿಮುಟ್ಟಾಗಿದ್ದಾಳೆ!

ಲಂಡನ್ನಿನಲ್ಲಿ ಒಂದು ಇಡೀ ದಿನ ಮ್ಯೂಸಿಯಂಗೆಂದೇ ಇತ್ತು. ಗಡಿಬಿಡಿ ಇಲ್ಲ, ಬೇಕಾದಷ್ಟು ಹೊತ್ತು ಬೇಕಾದ್ದನ್ನು ನೋಡಿ ಸಂಜೆ ಐದಕ್ಕೆ ಬಾಗಿಲಲ್ಲಿ ಸೇರಿದರಾಯಿತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಮ್ಮ ಟೂರ್ ಮ್ಯಾನೇಜರ್, ಪುಣೆಯದೇ ಮರಾಠಿ ಹುಡುಗಿ, ಇವತ್ತು ಮಮ್ಮಿಯನ್ನು ನೋಡಲು ಹೋಗುವುದಿದೆ ಕಾಕಾ ಎಂದು ಮರಾಠಿಯಲ್ಲಿ ಹೇಳಿದಳು. ಕಾಕಾ ತಲೆಯಾಡಿಸಿ ರೂಮಿಗೆ ಹೋದವರೇ ಭಾಕರವಡಿಯ ಪೊಟ್ಟಣವೊಂದನ್ನು ಚೀಲಕ್ಕೆ ಹಾಕಿಕೊಂಡು ಬಂದರು. ಮಧ್ಯಾಹ್ನ ಹಸಿವಾದೀತೆಂದು ಇರಬೇಕು ಅಂದುಕೊಂಡೆ.

ಮ್ಯೂಸಿಯಂನಲ್ಲಿ ಮೊದಲಿಗೆ ಸಿಕ್ಕಿದ್ದು ಅಮೃತಶಿಲೆಯ ಬತ್ತಲೆ ಗಂಡಸರು. ಅಣ್ಣನ ಮಗಳು ಜೊತೆಗಿದ್ದಾಳಲ್ಲ! ಕಾಕಾ ಆ ಇಡೀ ಹಾಲಿನ ಉದ್ದಕ್ಕೂ ಚಾವಣಿಯನ್ನೇ ಹೊಗಳುತ್ತ ನಡೆದರು. ಅದನ್ನು ದಾಟಿ ಈಜಿಪ್ಟಿನ ಕೋಣೆಗೆ ಬಂದೆವು. ಗಾಜಿನ ಪೆಟ್ಟಿಗೆಯಲ್ಲಿ, ತಲೆಯಿಂದ ಕಾಲಿನ ತನಕ ಬಟ್ಟೆ ಸುತ್ತಿದ ಒಬ್ಬ ಹೆಂಗಸು. ಟೂರ್ ಮ್ಯಾನೇಜರ್ ಕೈ ತೋರಿಸಿ, ಇದೇ ನೋಡಿ ಮಮ್ಮಿ ಎಂದಳು.

ಕಾಕಾ ಗಕ್ಕನೆ ನಿಂತರು. ಬಗ್ಗಿ ಬೂಟು ಬಿಚ್ಚಿದರು. ಭಾಕರವಡಿ ಪೊಟ್ಟಣವನ್ನು ನನ್ನ ಕೈಗೆ ತುರುಕಿ, ಆ ಹುಡುಗಿಯ ತಲೆ ಸವರಿ, ಭಾಳ ಕೆಟ್ಟದ್ದಾಯಿತು ಮಗಳೇ, ಯಾವಾಗ ಹೋದರು ಎಂದು ಮರಾಠಿಯಲ್ಲಿ ಕೇಳಿದರು! ಹುಡುಗಿಯ ಮುಖ ಬಿಳುಚಿತು. ಅವಳ ಅಮ್ಮ ಈಗಷ್ಟೇ ಪುಣೆಯಿಂದ ಮಾತಾಡಿ ಫೋನ್ ಇಟ್ಟಿದ್ದಳು. ಕಾಕಾ ಬೆಳಿಗ್ಗೆಯಿಂದ ಹೊರಟಿದ್ದು ಇವಳ ತಾಯಿಯನ್ನು ಮಾತಾಡಿಸಲು, ಮೊದಲ ಸಲ ಬರಿಗೈಲಿ ಹೋಗಬಾರದೆಂದು ಭಾಕರವಡಿ ಸಮೇತ! ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ನಾನು ಎಲ್ಲ ಬಿಡಿಸಿ ಹೇಳಿದೆ. ಇದು ಯಾರ ಮಮ್ಮಿಯೂ ಅಲ್ಲ, ಹೀಗೆ ಕಾಪಾಡಿಟ್ಟ ದೇಹಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ, ಇವಳು ಸತ್ತು ಮೂರು ಸಾವಿರ ವರ್ಷವಾಯಿತು ಎಂದೆ. ಶಾಂತರಾಗುತ್ತಾರೆಂದು ನಂಬಿದ್ದು ನನ್ನ ತಪ್ಪು.

"ಖರೇ ಹೆಣಾನ ಇದು?"

"ಹೌದ್ರಿ ಕಾಕಾ."

"ಮೂರು ಸಾವಿರ ವರ್ಷ ಆತು, ಇನ್ನೂ ಎತ್ತಿಲ್ಲ? ಇನ್ನ ಯಾರು ಬರೋರಿದ್ದಾರ?"

ಹೆಣ ನೋಡಿದರೆ ಸ್ನಾನ ಆಗಲೇಬೇಕು. ಅಂಗಳದ ಕಾರಂಜಿಯ ಮೇಲೆ ಇವರ ಕಣ್ಣು ಬೀಳದಿದ್ದರೆ ಸಾಕೆಂದು ನಾನು ದೇವರಿಗೆ ಹರಕೆ ಹೊರುತ್ತಿದ್ದೆ. ಕಾಕಾ ಸ್ನಾನದ ಮಾತೇ ಎತ್ತಲಿಲ್ಲ. ಪೆಟ್ಟಿಗೆಯ ಎದುರಿನ ಬೆಂಚಿನ ಮೇಲೆ ಕೂತು, ನೀನು ನೋಡಿಕೊಂಡು ಬಾ, ನಾನು ಇಲ್ಲೇ ಇರುತ್ತೇನೆ, ಹೆಣ್ಣುಮಗಳನ್ನು ಒಂಟಿ ಬಿಡಬಾರದು ಎಂದರು.

ಎಷ್ಟು ಹೇಳಿದರೂ ಏಳಲಿಲ್ಲ. ಸಿಟ್ಟಿನಿಂದ ಒಬ್ಬಳೇ ಸುತ್ತಿ, ಊಟ ಮುಗಿಸಿ ಬಂದು ನೋಡುತ್ತೇನೆ, ಅದೇ ಬೆಂಚು, ಅದೇ ಕಾಕಾ. ಹೆಣ ಇರುವಾಗ ಊಟ ಸಲ್ಲದೆಂದು ತುತ್ತು ಅನ್ನವನ್ನೂ ಮುಟ್ಟಿರಲಿಲ್ಲ. ಶಾಲೆಯ ಮಕ್ಕಳು ಗುಲ್ಲೆಬ್ಬಿಸಿಕೊಂಡು ಬಂದರೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸುತ್ತಿದ್ದರು. ಸೆಲ್ಫಿ ತೆಗೆಯಲು ಬಂದವರ ಎದುರು ಎದ್ದು ನಿಂತು ಕೈ ಮುಗಿಯುತ್ತಿದ್ದರು. ಅವರೂ ಗಾಬರಿಯಾಗಿ ಫೋನ್ ಜೇಬಿಗಿಟ್ಟು ಇವರಿಗೆ ಕೈ ಮುಗಿದು ಹೋಗುತ್ತಿದ್ದರು. ಸಂಜೆಯ ಹೊತ್ತಿಗೆ ಅರ್ಧ ಮ್ಯೂಸಿಯಂ ಕಾಕಾನನ್ನು ಆ ಹೆಂಗಸಿನ ಹತ್ತಿರದ ಸಂಬಂಧಿಕರೆಂದೇ ತಿಳಿದಿತ್ತು!

ಐದು ಗಂಟೆಯಾಗುತ್ತ ಬಂತು. ಬಾಗಿಲಲ್ಲಿ ಟೂರಿನವರೆಲ್ಲ ಸೇರಿ ನನ್ನ ಫೋನಿಗೆ ಫೋನು ಮಾಡುತ್ತಿದ್ದರು. ನನ್ನ ತಾಳ್ಮೆ ಮುಗಿಯಿತು.

"ಕಾಕಾ, ಬಸ್ ಹೋಗ್ತದ, ನಡೀರಿ. ಇಷ್ಟು ವರ್ಷ ಒಬ್ಬಾಕಿನ ಇದ್ದಾಳ. ಇನ್ನೊಂದು ರಾತ್ರಿ ಇದ್ರ ಏನಾಗ್ತದ?"

ಕಾಕಾ ತಲೆ ಎತ್ತಲಿಲ್ಲ. "ನಿಮ್ಮ ಕಾಕೂನೂ ಹಿಂಗ ಸುತ್ತಿಟ್ಟಿದ್ರು" ಎಂದರು. "ಇಡೀ ರಾತ್ರಿ ಒಬ್ಬಾಕಿನ ಇದ್ಲು."

ಕಾಕೂ ತೀರಿಕೊಂಡಿದ್ದು ಕರೋನಾದಲ್ಲಿ. ದೇಹ ಆಸ್ಪತ್ರೆಯ ಒಳಗೆ, ಕಾಕಾ ಗೇಟಿನ ಹೊರಗೆ. ಆಗ ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ಬೆಳಗಾದ ಮೇಲೆ ಸುತ್ತಿಕಟ್ಟಿದ್ದನ್ನು ಗಾಡಿಯಲ್ಲಿಟ್ಟುಕೊಂಡು ಹೋದರು, ಮುಖವನ್ನೂ ತೋರಿಸಲಿಲ್ಲ. ಗುರುತಿಲ್ಲದವರಿಗೂ ಹೆಗಲು ಕೊಟ್ಟ ಮನುಷ್ಯನಿಗೆ ತನ್ನ ಹೆಂಡತಿಗೆ ಕೊಡಲಾಗಲಿಲ್ಲ. ಅದರ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ. ಇವರಿಗೆ ಸಾವು ರೂಢಿಯಾಗಿದೆ ಎಂದುಕೊಂಡು ನಾವೂ ಸುಮ್ಮನಿದ್ದೆವು. ಅವರ ಪಕ್ಕದಲ್ಲಿ ಕೂತೆ.

ಕಾವಲುಗಾರ ಬಂದು, ಮುಚ್ಚುವ ಹೊತ್ತಾಯಿತೆಂದು ಮೆಲ್ಲಗೆ ಹೇಳಿದ. ಎತ್ತರದ ಆಳು, ನೆರೆತ ಗಡ್ಡ.

"ರಾತ್ರಿ ಇಲ್ಲೆ ಯಾರರೆ ಇರ್ತಾರೇನು ಕೇಳು ಅವನ್ನ" ಎಂದರು ಕಾಕಾ.

ಕೇಳಿದೆ. ಆತ ಕಾಕಾನನ್ನು ನೋಡಿದ, ಅವರು ಬಿಚ್ಚಿಟ್ಟ ಬೂಟು ನೋಡಿದ. ಇವತ್ತು ರಾತ್ರಿ ಪಾಳಿಯೂ ನನ್ನದೇ, ಬೆಳಗಿನ ತನಕ ಈ ಕೋಣೆಗೆ ಮತ್ತೆ ಮತ್ತೆ ಬಂದು ಹೋಗುತ್ತಿರುತ್ತೇನೆ ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಕಾಕಾ ಎದ್ದು ಆತನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಗಾಜಿನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದರು:

"ಇವಾ ಇರ್ತಾನಂತ, ತಂಗಿ. ನಾ ಬರ್ಲಿ?"