ಆಡಿಟರ್ ನಿಂತ ಓಣಿಗೆ ನೀರು

ಮುಖ್ಯಾಧಿಕಾರಿಗಳ ಮೇಜಿನ ಮೇಲೆ ಮರುಳಪ್ಪ ತನ್ನ ಹೊಸ ಯಂತ್ರವನ್ನಿಟ್ಟು, ಹೊದಿಸಿದ್ದ ಟವೆಲನ್ನು ಸರ್ರನೆ ಎಳೆದಾಗ ಕಲ್ಬಾವಿಪೇಟೆ ಪುರಸಭೆಯ ಸಿಬ್ಬಂದಿಯೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಇಡ್ಲಿ ಪಾತ್ರೆಯಷ್ಟು ದೊಡ್ಡ ಡಬ್ಬಿ, ಅದಕ್ಕೊಂದು ಕೊಂಬು, ಕೊಂಬಿನ ತುದಿಯಲ್ಲಿ ಮಿಣುಕುವ ಕಣ್ಣು!

"ಇದು ಕಾರ್ಯಸಾಧನಾ ಶೋಧಕ! ಯಾವ ಸೇವೆ ಜನಕ್ಕೆ ಎಷ್ಟು ಮುಟ್ಟುತ್ತೆ ಅಂತ ಅಳೀತದೆ. ಬರೀ ಅಳೆಯೋದಲ್ಲ ಸಾರ್, ಕಾರಣ ಹುಡುಕಿ ತಾನೇ ಸರಿ ಮಾಡ್ತದೆ!"

ಮರುಳಪ್ಪ ವಿದ್ಯುತ್ ಮೀಟರ್ ಪರೀಕ್ಷಕನಾಗಿದ್ದು ನಿವೃತ್ತನಾದವನು. ಮೂಲೆಯಲ್ಲಿ ನಿಂತಿದ್ದ ನೀರುಗಂಟಿ ತಿಪ್ಪೇಶಿಯ ಅಕ್ಕ ಪಾರ್ವತಕ್ಕನ ಗಂಡ. ತಿಪ್ಪೇಶಿ ಹತ್ತೊಂಬತ್ತು ವರ್ಷಗಳಿಂದ ಓಣಿ ಓಣಿಯ ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುತ್ತಿದ್ದರೂ ಇನ್ನೂ ಗುತ್ತಿಗೆ ನೌಕರನೇ. ಈ ಸಲದ ಆಡಿಟ್‌ನಲ್ಲಿ ನೀರು ವಿಭಾಗ ಪಾಸಾದರೆ ಅವನನ್ನು ಖಾಯಂ ಮಾಡಲು ಬರೆಯುತ್ತೇನೆಂದು ಮುಖ್ಯಾಧಿಕಾರಿ ಸಾಹೇಬರು ಮಾತು ಕೊಟ್ಟಿದ್ದರು. ಪಾಪ, ಅವನು ಯಂತ್ರದ ಮೇಲಿಟ್ಟ ಕಣ್ಣು ಕೀಳಲಿಲ್ಲ. ಭಾವನ ಹಿಂದಿನ ಯಂತ್ರ ರೊಟ್ಟಿ ತಟ್ಟುವುದಕ್ಕೆಂದು ಹುಟ್ಟಿ, ಅಕ್ಕನ ಎರಡು ಸೀರೆಗಳನ್ನು ತಟ್ಟಿ ಬೇಯಿಸಿತ್ತು.

ಮರುಳಪ್ಪ ಕೊಂಬನ್ನು ಫ್ಯಾನಿನ ಕಡೆ ತಿರುಗಿಸಿದ.

"ಸುತ್ತುವುದು ಹೌದು. ಗಾಳಿ ಇಲ್ಲ. ನೂರಕ್ಕೆ ಎರಡು!" ಎಂದು ಯಂತ್ರ ಗದರಿತು.

"ಇದೇನ್ ಭಾವ, ಪಾರ್ವತಕ್ಕನ ದನಿ!"

"ತಪ್ಪು ಹುಡ್ಕೋಕೆ ಅದಕ್ಕಿಂತ ಒಳ್ಳೇ ದನಿ ಊರಲ್ಲಿ ಎಲ್ಲೈತೆ?"

ಕೊಂಬು ತಮ್ಮತ್ತ ಹೊರಳುತ್ತಿರುವುದನ್ನು ಕಂಡು ಸಾಹೇಬರು ದಡಬಡಿಸಿ ಎದ್ದರು. "ಇದನ್ನ ಆಫ್ ಮಾಡೋ ಗುಂಡಿ ಎಲ್ರೀ?"

"ಇಟ್ಟಿಲ್ಲ ಸಾರ್. ಇಟ್ಟಿದ್ರೆ ಮೊದ್ಲು ಒತ್ತೋರೇ ನೀವು!"

ಹೊಸ ತಂತ್ರಜ್ಞಾನ ಬಳಸಿದರೆ ಹತ್ತು ಅಂಕ ಹೆಚ್ಚು ಎಂದು ಸುತ್ತೋಲೆ ಬಂದಿತ್ತು. ಹಾಗಾಗಿ ಸಾಹೇಬರು ಹಲ್ಲು ಕಚ್ಚಿಕೊಂಡು ಒಪ್ಪಿದರು. ಮರುಳಪ್ಪ ಊರಿನ ವಾಲ್ವ್‌ಗಳಿಗೆಲ್ಲ ಮೋಟರು, ಕಣ್ಣು, ಸ್ಪೀಕರು ಕಟ್ಟಿ, ಮೂರು ಕಸದ ಗಾಡಿಗಳಿಗೂ ತಂತಿ ಸುತ್ತಿ, ಎಲ್ಲವನ್ನೂ ಯಂತ್ರಕ್ಕೆ ಜೋಡಿಸಿದ. ಪುರಸಭೆಯ ಹಳೇ ದಾಖಲೆಗಳನ್ನೆಲ್ಲ ಅದಕ್ಕೆ ಓದಿಸಿದ.

"ಹಂಗಾದ್ರೆ ನನ್ನ ಕೈಗೇನ್ ಕೆಲ್ಸ ಭಾವ?"

"ಖಾಯಂ ಆದ್ಮೇಲೆ ಕೈಗೆ ಕೆಲ್ಸ ಯಾಕೋ?"

ಶುಕ್ರವಾರ ಆಡಿಟರ್ ವೃಷಭೇಂದ್ರಯ್ಯನವರು ಬಂದರು. ಭಾರೀ ಆಳು, ಮೆಲ್ಲನೆ ಮಾತು. ಪದ್ಧತಿಯಂತೆ ಚರಂಡಿ ಬಳಿದು, ರಸ್ತೆಯ ಅಂಚಿಗೆ ಬ್ಲೀಚಿಂಗ್ ಪುಡಿಯ ಗೆರೆ ಎಳೆದು, ವಾರಕ್ಕೊಮ್ಮೆ ನೀರು ಕಾಣುವ ಓಣಿಗಳಿಗೂ ನೀರು ಬಿಡಲಾಗಿತ್ತು.

"ಇವತ್ತು ನೂರಕ್ಕೆ ನೂರು!" ಎಂದಿತು ಯಂತ್ರ. ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ತಿಪ್ಪೇಶಿ ಮನಸ್ಸಿನಲ್ಲೇ ಮನೆದೇವರಿಗೆ ಕೈಮುಗಿದ.

"ನಿನ್ನೆ ಹನ್ನೊಂದು. ಮೊನ್ನೆ ಒಂಬತ್ತು. ಹೋದ ವರ್ಷ ನೂರು ಬಂದದ್ದು ಒಂದೇ ದಿನ. ಅದು ಆಡಿಟ್ ದಿನ!" ಎಂದು ಯಂತ್ರ ಮುಂದುವರಿಸಿತು.

ಚಪ್ಪಾಳೆ ನಿಂತಿತು. ಕೊಂಬು ಸಭಾಂಗಣವನ್ನೆಲ್ಲ ಒಂದು ಸುತ್ತು ನೋಡಿ ಆಡಿಟರ ಹೊಟ್ಟೆಗೆ ನೇರವಾಗಿ ನಿಂತಿತು.

"ಕಾರಣ ಸಿಕ್ಕಿತು! ಈ ಊರು ನಡೆಯುವುದು ಇವರಿಂದ. ಇವರಿಲ್ಲದೆ ಸೇವೆ ಇಲ್ಲ. ಇನ್ನು ಮೇಲೆ ಅದೇ ನಿಯಮ!"

ಎಲ್ಲರೂ ನಕ್ಕು, ಹೋಳಿಗೆ ಊಟ ಮುಗಿಸಿ, ಆಡಿಟರಿಗೆ ಹಾರ ಹಾಕಿ ಕಳಿಸಿದರು. ಜೀಪು ಊರಿನ ಕಮಾನು ದಾಟಿದ್ದೇ ತಡ, ನಲ್ಲಿಗಳೆಲ್ಲ ಒಟ್ಟಿಗೆ ನಿಂತವು! ತಲೆಗೆ ಸೀಗೇಪುಡಿ ಹಚ್ಚಿಕೊಂಡು ಕೂತಿದ್ದವರು ಬಚ್ಚಲಿನಿಂದಲೇ ಕೂಗಿಕೊಂಡರು. ಕಸದ ಗಾಡಿಗಳು, ಡ್ರೈವರುಗಳು ಬ್ರೇಕ್ ತುಳಿಯುತ್ತಿದ್ದರೂ ಕೇಳದೆ, ಹಾಡು ಹಾಕಿಕೊಂಡು ಜೀಪಿನ ಹಿಂದೆ ಓಡಿದವು!

ಆಡಿಟರು ಗಾಬರಿಯಿಂದ ಜೀಪು ತಿರುಗಿಸಿ ಊರೊಳಗೆ ಬಂದರು. ನೀರು ಬಂತು. ಮತ್ತೆ ಹೊರಟರು. ನೀರು ನಿಂತಿತು. ಮೂರನೇ ಸಲ ಹೊರಡುವಷ್ಟರಲ್ಲಿ ಕಮಾನಿನ ಕೆಳಗೆ ನೂರಾರು ಬಿಂದಿಗೆಗಳು ಅಡ್ಡ ಕೂತಿದ್ದವು.

"ಬಿಂದಿಗೆ ತುಂಬೋವರ್ಗಾದ್ರೂ ಇರಿ ಸ್ವಾಮಿ!" ಎಂದು ಹೆಂಗಸರು ಪಟ್ಟು ಹಿಡಿದರು.

ಯಂತ್ರದ ನಿಯಮ ಇನ್ನೂ ಬಿಗಿಯಾಯಿತು. ಆಡಿಟರು ನಿಂತ ಓಣಿಗೆ ಮಾತ್ರ ನೀರು!

"ನೋಡಿದ್ರಾ, ಸೂಕ್ಷ್ಮತೆ ಹೆಚ್ತಾ ಐತೆ!" ಎಂದು ಮರುಳಪ್ಪ ಹಿಗ್ಗಿದ.

ಸಾಹೇಬರು ಉರಿದುಬಿದ್ದರು. "ತಿಪ್ಪೇಶಿ, ಇದನ್ನ ತಂದೋನು ನಿನ್ನ ಭಾವ! ಹೋಗಿ ವಾಲ್ವ್ ತಿರುಗಿಸು. ಇಲ್ಲಾಂದ್ರೆ ಖಾಯಂ ಇರ್ಲಿ, ಇರೋ ಕೆಲಸಾನೂ ಇಲ್ಲ!"

ತಿಪ್ಪೇಶಿ ಕೀಲಿ ಹಿಡಿದು ಓಡಿದ. ಕುಂಬಾರ ಓಣಿಯ ವಾಲ್ವಿನ ಮೇಲೆ ಮೈಭಾರವನ್ನೆಲ್ಲ ಹಾಕಿದ. ಮೋಟರು ಮಿಸುಕಲಿಲ್ಲ. "ಆಡಿಟರ್ ಇಲ್ಲ!" ಎಂದು ವಾಲ್ವಿನೊಳಗಿಂದ ಅಕ್ಕ ಗದರಿದಳು. ಹತ್ತೊಂಬತ್ತು ವರ್ಷ ಮಾತು ಕೇಳಿದ ವಾಲ್ವ್ ಅದು. ಅವನಿಗೆ ತಡೆಯಲಾರದಷ್ಟು ದುಃಖವಾಯಿತು. ಅವನ ಕಣ್ಣು ತುಂಬಿತು. ಆ ಹೊತ್ತಿಗೆ ಆ ಓಣಿಯಲ್ಲಿ ಬಂದ ನೀರು ಅದೊಂದೇ.

ಅವನು ಹಿಂತಿರುಗಿದಾಗ ಬಸ್ ನಿಲ್ದಾಣದ ಬಳಿ ಆರು ಓಣಿಯವರು ಆಡಿಟರ ಎರಡೂ ಕೈ ಹಿಡಿದು ಜಗ್ಗುತ್ತಿದ್ದರು.

"ನಮ್ಮ ಓಣಿಗೆ!"

"ನಮ್ಮಲ್ಲಿ ಬಾಣಂತಿ ಅವ್ಳೆ, ಮೊದ್ಲು ನಮ್ಗೆ!"

ತಿಪ್ಪೇಶಿಗೆ ಸಿಟ್ಟು ನೆತ್ತಿಗೇರಿತು. "ಬಿಡ್ರೋ ಕೈಯ! ಇವತ್ ಶುಕ್ರವಾರ, ಮೊದ್ಲು ಕುಂಬಾರ ಓಣಿ, ಅರ್ಧ ಗಂಟೆ. ಆಮೇಲೆ ಆಸ್ಪತ್ರೆ ರಸ್ತೆ. ಕೋಟೆ ಓಣಿ ಎತ್ರದಾಗೈತೆ, ಅಲ್ಲಿ ಆಡಿಟರ್ ಸಾಹೇಬ್ರು ಮುಕ್ಕಾಲು ಗಂಟೆ ನಿಲ್ಬೇಕು. ಸಾರ್, ಗಾಡಿ ಹತ್ರಿ!"

ರಾತ್ರಿ ಹತ್ತು ಹೊಡೆಯುವಷ್ಟರಲ್ಲಿ ತಿಪ್ಪೇಶಿಯ ಬಡಪಾಯಿ ಮೊಪೆಡ್ಡಿನ ಹಿಂದೆ ಕೂತು ಆಡಿಟರು ಹದಿನಾಲ್ಕು ಓಣಿ ಸುತ್ತಿದರು. ಒಂದು ಬಿಂದಿಗೆಯೂ ಖಾಲಿ ಉಳಿಯಲಿಲ್ಲ. ಹೋದಲ್ಲೆಲ್ಲ ಮಜ್ಜಿಗೆ, ಕುರ್ಚಿ, "ನಾಳೇನೂ ಬನ್ರಿ ಸ್ವಾಮಿ" ಎಂಬ ಉಪಚಾರ. ಕೋಟೆ ಓಣಿಯಲ್ಲಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಮೂವತ್ತು ವರ್ಷದ ಸರ್ವೀಸಿನಲ್ಲಿ ಇನ್ನೊಂದು ದಿನ ಇರಿ ಅಂತ ಯಾವ ಊರೂ ನನಗೆ ಹೇಳಿರಲಿಲ್ಲ ಕಣಯ್ಯ."

ವರದಿಯಲ್ಲಿ ಅವರು ಎರಡೇ ಶಿಫಾರಸು ಬರೆದರು. ಆಡಿಟರು ಈ ಊರಲ್ಲೇ ನೆಲೆಸತಕ್ಕದ್ದು. ಯಾವ ಓಣಿಗೆ ಯಾವಾಗ ಎಷ್ಟು ನೀರು ಬೇಕೆಂದು ಬಲ್ಲವನು ತಿಪ್ಪೇಶಿ ಒಬ್ಬನೇ ಆದ್ದರಿಂದ, ಆಡಿಟರನ್ನು ಓಣಿ ಓಣಿಗೆ ಕರೆದೊಯ್ಯುವ ಹುದ್ದೆಗೆ ಅವನನ್ನು ಖಾಯಂ ಮಾಡತಕ್ಕದ್ದು. ಎರಡೂ ಮಂಜೂರಾದವು!

ಆದೇಶದ ಪ್ರತಿ ಹಿಡಿದು ಮನೆಗೆ ಬಂದ ತಿಪ್ಪೇಶಿಗೆ ಹೆಂಡತಿ ಸಕ್ಕರೆ ತಿನ್ನಿಸಿ, "ಹೊಸ ಕೆಲ್ಸ ಹೆಂಗೈತೆ?" ಎಂದು ಕೇಳಿದಳು.

"ಹಳೇದೇ ಕಣೆ," ಎಂದ ತಿಪ್ಪೇಶಿ. "ಆದ್ರೆ ಹಳೇ ವಾಲ್ವು ಊಟ ಆದ್ಮೇಲೆ ನಿದ್ದೆ ಮಾಡ್ತಿರ್ಲಿಲ್ಲ."