ಸೀರೆಗಳೆಲ್ಲ ಮಾನ್ವಿಗೆ!

ಅಕ್ಕನ ಮದುವೆಗೆ ಬಂಧುಗಳಿಗೆಲ್ಲ ಉಡುಗೊರೆ ಕೊಡುವ ಆಯೇರಿ ಬಟ್ಟೆಗಳನ್ನು ಈ ಸಲ ಮನುಷ್ಯರು ಹಂಚಕೂಡದು, ಕಂಪ್ಯೂಟರೇ ಹಂಚಬೇಕು ಎಂದು ನಾನು ಘೋಷಿಸಿದೆ! ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮಂದಿಯೆದುರು ಬಾಯಿ ತೆರೆಯಲೂ ನಾಚಿಕೆ. ಆದರೆ ಎಂಬತ್ತೆಂಟರಲ್ಲಿ ಅಪ್ಪ ರಾಯಚೂರಿನ ನಮ್ಮ ಅಕ್ಕಿ ಗಿರಣಿಗೆ ತಂದ ಕಂಪ್ಯೂಟರಿನ ಮುಂದೆ ನಾನೇ ಚಕ್ರವರ್ತಿ!

"ಯಾರ ಬಟ್ಟಿ ಯಾವ ಊರಿಗಿ ಅಂತ ನಾ ಬಾಯಿಲೇ ಹೇಳ್ತೀನಿ. ಆ ಡಬ್ಬಿ ಯಾಕ?" ಎಂದಳು ಅವ್ವ.

"ನೀ ಮರೀತಿ ಯವ್ವಾ. ಅದು ಮರಿಯಂಗಿಲ್ಲ."

"ತಪ್ಪಿದ್ರ ಡಬ್ಬಿ ಮಾರಿ, ನಿನ್ನ ಮತ್ತ ಶಾಲಿಗಿ ಹಾಕ್ತೀನಿ ನೋಡು ಹಂಪಣ್ಣಾ," ಎಂದ ಅಪ್ಪ.

ಬಲು ಜಾಗ್ರತೆಯಿಂದ ಪ್ರತಿ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆದು, ಕೊನೆಗೆ ಊರಿನ ಮೊದಲ ಅಕ್ಷರ ಸೇರಿಸಿದೆ: ಮಾನ್ವಿಗೆ ಎಂ, ದೇವದುರ್ಗಕ್ಕೆ ಡಿ, ರಾಯಚೂರಿನ ಮನೆಯವರಿಗೆ ಆರ್. ಸಾಲಿನಲ್ಲಿ ಎಂ ಸಿಕ್ಕರೆ ಗಂಟು ಮಾನ್ವಿ ಜೀಪಿಗೆ. ಎಂ ಇಲ್ಲದೆ ಡಿ ಸಿಕ್ಕರೆ ದೇವದುರ್ಗದ ಜೀಪಿಗೆ. ಎರಡೂ ಇಲ್ಲದಿದ್ದರೆ ಮನೆಯಲ್ಲೇ. ಮಾನ್ವಿಯ ಸೂಗಪ್ಪ ಮಾಮನ ಹೆಸರು ಬಡಿದೆ: ಮಾನ್ವಿ! ದೇವದುರ್ಗದ ಅಯ್ಯಪ್ಪ ಕಾಕಾನ ಹೆಸರು ಬಡಿದೆ: ದೇವದುರ್ಗ! ಹೆಣ್ಣುಮಕ್ಕಳ ಹೆಸರನ್ನೂ ಪರೀಕ್ಷಿಸಬೇಕಿತ್ತು. ಆದರೆ ಗಿರಣಿಯ ಗುಮಾಸ್ತರು ಬೆನ್ನ ಹಿಂದೆಯೇ ನಿಂತಿದ್ದರಲ್ಲ, ನಾಚಿಕೆಯಾಯಿತು. ಆಮೇಲೆ ಚೀಟಿಗಳು ಟರ್ರೆಂದು ಹೊರಬಿದ್ದವು. ಒಂದೂ ಓರೆಯಾಗದಂತೆ ಅಂಟಿಸುವುದರಲ್ಲಿ ಎಷ್ಟು ಮಗ್ನನಾದೆನೆಂದರೆ, ಅದರಲ್ಲಿದ್ದ ಊರನ್ನು ಓದಲೇ ಇಲ್ಲ!

ಮರುದಿನ ಗಿರಣಿಯ ಫೋನು ಕಿರುಚಿತು. ದೇವದುರ್ಗದಿಂದ ಬಸವಂತಮ್ಮ ಅತ್ತೆ, ಅಪ್ಪನ ತಂಗಿ.

"ಅಣ್ಣಾ, ನಮ್ಮೂರಾಗ ಹೆಣ್ಮಕ್ಕಳೇ ಇಲ್ಲೇನು? ಬರೇ ಧೋತ್ರ ಕಳಿಸೀಯಲ್ಲ! ನಾ ಧೋತ್ರ ಉಟಗೊಂಡು ಅರಿಷಿಣ ಹಚ್ಚಾಕ ಬರಲೇನು? ಬರಂಗಿಲ್ಲ ಹೋಗು!"

ಸೋದರತ್ತೆ ಬಾರದೆ ಅರಿಷಿಣವಿಲ್ಲ, ಅರಿಷಿಣವಿಲ್ಲದೆ ಮದುವೆಯಿಲ್ಲ! ಅಪ್ಪ ನನ್ನತ್ತ ನೋಡಿದ. ನಾನು ಕಂಪ್ಯೂಟರಿನತ್ತ ನೋಡಿದೆ. ಆಗ ಹೊಳೆಯಿತು. ಬಸವಂತಮ್ಮ, ಶೇಖಮ್ಮ, ಗೋಪಮ್ಮ, ಪಾರ್ವತೆಮ್ಮ... ನಮ್ಮ ಕಡೆ ಹೆಣ್ಣುಮಕ್ಕಳೆಲ್ಲ ಅಮ್ಮಂದಿರೇ! ಯಂತ್ರವು ಕೊನೆಯ ಅಕ್ಷರ ಮುಟ್ಟುವ ಮೊದಲೇ ಹೆಸರಿನೊಳಗಿನ ಎಂ ಕಂಡು, ಇಡೀ ದೇವದುರ್ಗದ ಸೀರೆಗಳನ್ನು ಮಾನ್ವಿಗೆ ಅಟ್ಟಿತ್ತು!

ಬಸ್ಸು ಹಿಡಿದು ಮಾನ್ವಿಗೆ ಓಡಿದೆ.

"ಸೀರಿ ಅಂಗಡಿ ಇಡಬೇಕಂತ ಮಾಡಿದ್ದೆ, ಬಂದುಬಿಟ್ಟೆಲ್ಲಲೇ!" ಎಂದ ಸೂಗಪ್ಪ ಮಾಮ.

ಗಂಟುಗಳನ್ನು ತಲೆಯ ಮೇಲೆ ಹೊತ್ತು ದೇವದುರ್ಗ ಸೇರಿದೆ. ಬಾಯಿಯೇ ತೆರೆಯದ ನಾನು ಓಣಿ ಓಣಿಯಲ್ಲಿ ನಿಂತು "ಯವ್ವಾ, ನಿಮ್ಮ ಸೀರಿ ಬಂದಾವ್ರೀ!" ಎಂದು ಕೂಗಿದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು, ಬರಲು ಒಪ್ಪಿದಳು. ಮನೆಗೆ ಬಂದವನೇ, ಕೊನೆಯ ಅಕ್ಷರವನ್ನಷ್ಟೇ ನೋಡುವಂತೆ ಯಂತ್ರಕ್ಕೆ ಬುದ್ಧಿ ಕಲಿಸಿದೆ. ಅಪ್ಪನೂ ಶಾಲೆಯ ಮಾತು ಬಿಟ್ಟ. ವಿಜಯ!

ಮದುವೆಯ ದಿನ ಸ್ನಾನ ಮಾಡಿ ಬಂದು ನೋಡುತ್ತೇನೆ, ನನ್ನ ಹೊಸ ಪ್ಯಾಂಟು, ಶರ್ಟು ಎಲ್ಲೂ ಇಲ್ಲ! ಟವೆಲು ಸುತ್ತಿಕೊಂಡು ಹುಡುಕುತ್ತಿರುವಾಗ ಸೂಗಪ್ಪ ಮಾಮನ ಮಗ ಅದನ್ನೇ ತೊಟ್ಟು ಒಳಗೆ ಬಂದ.

"ನಿಮ್ಮ ಜೀಪಿನಾಗ ಬಂದಿತ್ತಲ್ಲ, ನನಗಂತ ತಿಳಕೊಂಡೆ. ಸೊಂಟ ಒಂದೀಟು ಬಿಗಿ ಅದ ನೋಡು!"

ಅಯ್ಯೋ, ಹಂಪಣ್ಣನಲ್ಲೂ ಒಂದು ಎಂ!

ಅರಿಷಿಣದ ಕೈಯಲ್ಲೇ ಬಸವಂತಮ್ಮ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾ ಧೋತ್ರ ಉಡೋದು ತಪ್ಪಿತು. ಅಳಬ್ಯಾಡ ಬಾರೋ ಹಂಪಣ್ಣಾ, ನನ್ನ ಹತ್ತಿರ ಒಂದು ಹಳೀ ಸೀರಿ ಅದ, ನೀನಽ ಉಟಗೋ!"