ಆಲ್ವಿನ್‌ನ ಒಂದು ಚೀಲ ಇದ್ದಿಲು

ಒಂದು ಚೀಲ ಇದ್ದಿಲು ಸಾಕು ಎಂದು ಆಲ್ವಿನ್ ಕುಬೇನ ಲೆಕ್ಕ ಹಾಕಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಲೆಕ್ಕವೇನೋ ತಪ್ಪಿರಲಿಲ್ಲ. ನೆರೆಹೊರೆಯವರನ್ನು ಅದರಲ್ಲಿ ಸೇರಿಸಿಕೊಳ್ಳಲು ಮರೆತಿದ್ದ, ಅಷ್ಟೆ.

ಟೆಕ್ಸಸ್ಸಿನ ಆ ಪುಟ್ಟ ಊರಿನಲ್ಲಿ ಚರ್ಚಿನ ವರ್ಷದೂಟಕ್ಕೆ ಬ್ರಿಸ್ಕೆಟ್ ಬೇಯಿಸುವವರು ಆಲ್ವಿನ್‌ನ ಮಾವ ಎಮಿಲ್ ಮಾರೆಕ್. ದನದ ಎದೆಯ ಆ ಗಟ್ಟಿ ಮಾಂಸವನ್ನು ರಾತ್ರಿಯಿಡೀ ಓಕ್ ಸೌದೆಯ ಹೊಗೆಯಲ್ಲಿಟ್ಟು ಬೆಣ್ಣೆ ಮಾಡುವವರೆಂದು ಅವರ ಖ್ಯಾತಿ. ಈಗ ಮೊಣಕಾಲು ನೋವು. ಬೆಂಕಿಯ ಉಸ್ತುವಾರಿಯನ್ನು ಯಾರಿಗಾದರೂ ಒಪ್ಪಿಸಬೇಕು. ಆಲ್ವಿನ್‌ಗೆ ಅದು ಬೇಕೇ ಬೇಕಿತ್ತು. ಮದುವೆಯಾದಂದಿನಿಂದ ಮಾವನ ಕಡೆಯ ಪ್ರತಿ ಊಟದಲ್ಲೂ ಅವನ ಪಾಲಿಗೆ ಬಂದದ್ದು ಒಂದೇ ಕೆಲಸ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದು. ಗಂಡಸರೆಲ್ಲ ಬೆಂಕಿಯ ಸುತ್ತ ಬಿಯರ್ ಹಿಡಿದು ನಗುತ್ತಿದ್ದರೆ ಇವನೊಬ್ಬ ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದ. ಪಾಪ ಅನ್ನಿಸುತ್ತಿತ್ತು.

ಅದಕ್ಕೇ ಹೋದ ವಾರ ಬಾಯಿ ಜಾರಿತು. "ರಾತ್ರಿಯೆಲ್ಲ ಯಾಕೆ ಕಾಯ್ಬೇಕು ಮಾವ? ಇದ್ದಿಲು ಒಟ್ಟಿ, ಗಾಳಿಕಿಂಡಿ ಪೂರ್ತಿ ತೆಗೆದು, ಜೋರು ಬೆಂಕೀಲಿ ಬೇಯ್ಸಿದ್ರೆ ಬೆಳಗ್ಗೆ ಇಟ್ಟಿದ್ದು ಮಧ್ಯಾಹ್ನಕ್ಕೆ ರೆಡಿ."

ಮಾವ ಹುಬ್ಬೇರಿಸಿದರು. "ಶನಿವಾರ ಊಟಕ್ಕೆ ಬರ್ತೀನಿ. ಮಾಡಿ ತೋರ್ಸು. ಬಾಯಿಗೆ ಹಿಡಿಸಿದ್ರೆ ನನ್ನ ಜಾಗಕ್ಕೆ ನೀನೇ."

ಶನಿವಾರ ಹೆಂಡತಿ ಡೊರೀನ್ ಅಪ್ಪನನ್ನು ಕರೆತರಲು ಹೋದಳು. ಆಲ್ವಿನ್ ಹಿತ್ತಲಿನ ಹೊಗೆಯೊಲೆಗೆ ಚೀಲದ ಅರ್ಧಕ್ಕಿಂತ ಹೆಚ್ಚು ಇದ್ದಿಲು ಒಟ್ಟಿ, ಮೇಲೆ ಒಂದು ಡಬ್ಬಿ ನಿಗಿನಿಗಿ ಕೆಂಡ ಸುರಿದ. ನೀರಿದ್ದರೆ ಬಿಸಿ ಏರುವುದಿಲ್ಲವೆಂದು ಒಳಗಿನ ನೀರಿನ ತಟ್ಟೆಯನ್ನು ಖಾಲಿ ಬಿಟ್ಟ. ಮಾಂಸವಿಟ್ಟು ಮುಚ್ಚಳ ಹಾಕಿದ. ತೆಳ್ಳನೆಯ ನೀಲಿ ಹೊಗೆ ಎದ್ದಿತು. ಬಿಸಿ ತೋರಿಸುವ ಮುಳ್ಳು ಬೇಕಾದಲ್ಲಿ ಬಂದು ನಿಂತಿತು. ಕಾಫಿ ಬಾಯಿಗಿಡಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಲೆರಾಯ್ ಬೇಲಿ ದಾಟಿ ಬಂದ. ಮೊದಲು ಹೊಟ್ಟೆ, ಆಮೇಲೆ ಟೋಪಿ, ಕೊನೆಗೆ ಲೆರಾಯ್.

"ಏನಯ್ಯಾ ಬೇಯ್ಸ್ತಿದೀಯ?" ಎಂದವನೇ ಮುಚ್ಚಳ ಎತ್ತಿ ಮುಖ ತೂರಿಸಿದ.

"ಅಯ್ಯೋ ಮುಚ್ಚಯ್ಯಾ! ಒಳಗೆ ಗಾಳಿ ಹೋಗತ್ತೆ!"

"ಹೋಗ್ಲಿ ಬಿಡು, ಸ್ವಲ್ಪ ತಣ್ಣಗಾಗತ್ತೆ."

ತಣ್ಣಗಾಗುವುದೆಲ್ಲಿ ಬಂತು? ಗಾಳಿ ಕಂಡ ಕೆಂಡ ಭುಗಿಲೆಂದಿತು. ಮುಳ್ಳು ಅಂಕೆಗಳನ್ನೆಲ್ಲ ದಾಟಿ ಓಡಿತು. ಲೆರಾಯ್ ಇನ್ನೂ ಎರಡು ಸಲ ಎತ್ತಿ ನೋಡಿದ. ಮಧ್ಯಾಹ್ನದವರೆಗೆ ಬರಬೇಕಿದ್ದ ಇದ್ದಿಲು ಬೆಳಗು ಮುಗಿಯುವ ಮೊದಲೇ ಬೂದಿಯಾಯಿತು. ಆಲ್ವಿನ್ ಉಳಿದದ್ದನ್ನೂ ಸುರಿದು, ಲೆರಾಯ್‌ನನ್ನು ಹೇಗೋ ಸಾಗಹಾಕಿ, ಬಾತ್‌ರೂಮಿಗೆ ಹೋಗಿ ಬಂದ. ನೋಡಿದರೆ ಎದುರುಮನೆಯ ವರ್ನಾ ಟೀಚರ್ ಒಲೆಯ ಪಕ್ಕ ಬಗ್ಗಿ ನಿಂತಿದ್ದಾರೆ.

"ಇಷ್ಟು ಹೊಗೇನಾ? ನನ್ನ ಪರದೆಗಳೆಲ್ಲ ನಾರ್ತಿವೆ! ಎಲ್ಲಾ ತೂತೂ ಮುಚ್ಚಿದೀನಿ ನೋಡು, ಈಗ ಎಷ್ಟು ಚೆನ್ನಾಗಿದೆ."

"ಟೀಚರ್, ಅದು ಉಸಿರಾಡ್ಬೇಕು..."

"ನಾವೂ ಉಸಿರಾಡ್ಬೇಕಪ್ಪಾ."

ಟೀಚರ್ ಆ ಕಡೆ ಹೋಗುತ್ತಲೇ ಆಲ್ವಿನ್ ಕಿಂಡಿಗಳನ್ನೆಲ್ಲ ತೆಗೆದ. ಬೂದಿ ಉದುರಲೆಂದು ಒಲೆಯ ಕಾಲಿಗೆ ಒದ್ದ. ಅದರ ಪಕ್ಕದ ಪುಟ್ಟ ಬಾಗಿಲು ತೆಗೆದು ಊದಿ ಊದಿ ತಲೆ ಸುತ್ತಿತು. ಕೆಂಡ ಕಣ್ಣು ಬಿಡುವಷ್ಟರಲ್ಲಿ ಲೆರಾಯ್ ಮತ್ತೆ ಹಾಜರ್, ಈ ಸಲ ಹೆಗಲ ಮೇಲೆ ಚೀಲ.

"ಇದ್ದಿಲು ಮುಗೀತಂತೆ? ತಗೋ. ಇದು ಎಣ್ಣೆ ಹಾಕಿರೋದು, ಬೇಗ ಹತ್ಕೊಳ್ಳತ್ತೆ!"

ಬೇಡ ಬೇಡ ಎನ್ನುವುದರೊಳಗೆ ಸುರಿದೇ ಬಿಟ್ಟ. ಬೆಂಕಿಗೆ ತುಪ್ಪ ಸುರಿಯುವವರನ್ನು ಕೇಳಿದ್ದೇವೆ. ಇವನು ಸೀಮೆಎಣ್ಣೆಯನ್ನೇ ತಿನ್ನಿಸಿದ. ಅದು ಹೊತ್ತಿಕೊಳ್ಳುವ ಮೊದಲೇ ಆಲ್ವಿನ್ ಮಾಂಸವನ್ನು ಎತ್ತಿಕೊಂಡು, "ಅರ್ಧ ಬೆಂದ್ಮೇಲೆ ಫಾಯಿಲ್ ಸುತ್ಬೇಕು, ಹೊತ್ತಾಯ್ತು!" ಎನ್ನುತ್ತ ಒಳಗೆ ಓಡಿದ.

ಅಡುಗೆಮನೆಯಲ್ಲಿ ನಿಂತು ಯೋಚಿಸಿದ. ಎದುರಿಗೆ ಓವನ್. ಆ ಸೀಮೆಯಲ್ಲಿ ಕುದುರೆ ಕದ್ದವನಿಗಾದರೂ ಕ್ಷಮೆಯುಂಟು, ಬ್ರಿಸ್ಕೆಟ್ಟನ್ನು ಓವನ್ನಿಗಿಟ್ಟವನಿಗೆ ಇಲ್ಲ. ಆಲ್ವಿನ್ ಮೇಲೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡು, ಮಾಂಸಕ್ಕೆ ಫಾಯಿಲ್ ಸುತ್ತಿ ಓವನ್ನಿಗೆ ತಳ್ಳಿದ. ಹೊರಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಮೂಲೆಯಲ್ಲಿದ್ದ ಈರುಳ್ಳಿಯನ್ನೆಲ್ಲ ಇನ್ನೊಂದು ಫಾಯಿಲ್ಲಿನಲ್ಲಿ ಸುತ್ತಿ ಕೊಂಡೊಯ್ದು ಹೊಗೆಯೊಲೆಯೊಳಗೆ ಇಟ್ಟ.

ಅಷ್ಟರಲ್ಲಿ ಮಾವ ಬಂದರು. ಕುರ್ಚಿ ಎಳೆದುಕೊಂಡು ಒಲೆಯ ಪಕ್ಕದಲ್ಲೇ ಕೂತರು. "ಇನ್ಮೇಲೆ ಯಾರೂ ಮುಚ್ಚಳ ಮುಟ್ಬಾರ್ದು."

"ಇದ್ದಿಲು ನಂದು," ಎಂದ ಲೆರಾಯ್.

"ಬಿಸಿಲು ಮಾವ, ಒಳಗೆ ಬನ್ನಿ," ಎಂದ ಆಲ್ವಿನ್.

"ನನಗೆ ಬಿಸಿಲೇನೋ, ಬೆಂಕಿ ಮುಂದೆ ಮುದುಕ ಆದವ್ನು ನಾನು." ಮಾವ ಅಲುಗಲಿಲ್ಲ.

ಊಟದ ಹೊತ್ತಾಯಿತು. ಮಾವ ತಾವೇ ಎದ್ದು ಮುಚ್ಚಳ ತೆಗೆದು ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿದರು. ಒಳಗೆ ಏನೋ ಉರುಳಿತು. ಅಳಿಯನ ಮುಖ ನೋಡಿದರು. ಆಲ್ವಿನ್ ಬೇಲಿಯ ಕಡೆ ನೋಡಿದ.

"ಎಲ್ಲಾರೂ ಕೈ ತೊಳ್ಕೊಳ್ಳಿ," ಎಂದರು ಮಾವ. "ನಾನೂ ಅಳಿಯಾನೂ ಇದನ್ನ ಕುಯ್ಕೊಂಡ್ ಬರ್ತೀವಿ."

ಅಡುಗೆಮನೆಯ ಬಾಗಿಲು ಹಾಕಿ ಪೊಟ್ಟಣ ಬಿಚ್ಚಿದರು. ಬೆಂದ ಈರುಳ್ಳಿಗಳು ಹಬೆಯಾಡುತ್ತ ಮಲಗಿದ್ದವು. ಮಾವ ನೇರ ಹೋಗಿ ಓವನ್ ತೆಗೆದರು. ಮಾಂಸ ಗಟ್ಟಿ ಮೊಸರಿನ ಹಾಗೆ ನಡುಗಿತು. ಒಂದು ಎಳೆ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ತಪ್ಪಾಯ್ತು ಮಾವ," ಎಂದ ಆಲ್ವಿನ್.

"ತಪ್ಪೇ. ಈರುಳ್ಳಿ ಇಡ್ತಾರೇನಯ್ಯಾ? ಉರುಳತ್ತೆ, ವಾಸನೆ ಬೇರೆ. ನಾನು ಎಲೆಕೋಸು ಇಡ್ತೀನಿ."

ಆಲ್ವಿನ್ ಒಮ್ಮೆ ಈರುಳ್ಳಿಯನ್ನು ನೋಡಿದ, ಒಮ್ಮೆ ಮಾವನನ್ನು ನೋಡಿದ.

"ಈ ವಯಸ್ಸಲ್ಲಿ ರಾತ್ರಿಯೆಲ್ಲ ಯಾರಪ್ಪ ಎದ್ದಿರ್ತಾರೆ? ಚರ್ಚಿನ ಅಡುಗೆಮನೇಲಿ ಓವನ್ ಯಾಕಿರೋದು? ಗುಟ್ಟು ಹೇಳೋಕೆ ಒಬ್ಬ ಬೇಕಿತ್ತು. ಕೇಳದೇನೇ ಕಲ್ತಿದೀಯ. ನೀನೇ ಸರಿ."

"ಹಂಗಾದ್ರೆ ಬೆಂಕಿ ನಂದಾ ಮಾವ?"

"ಬೆಂಕಿ ಹತ್ರ ಲೆರಾಯ್ ನಿಲ್ಲಲಿ. ಆ ಹೊಟ್ಟೆ, ಆ ಟೋಪಿ, ಆ ಗಂಟಲು... ಜನ ನಂಬ್ತಾರೆ. ಅವನಿಗೆ ಏನೂ ಗೊತ್ತಾಗಲ್ಲ. ನಿಜವಾದ ಕೆಲ್ಸ ಒಳಗಿಂದು, ಅದು ನಿಂದು. ಓವನ್ ಬಿಟ್ಟು ಕದಲ್ಬಾರ್ದು. ಯಾರಿಗೂ ಅನುಮಾನ ಬರದ ಹಾಗೆ ಕೈಯಲ್ಲಿ ಏನಾದ್ರೂ ಕೆಲ್ಸ ಇಟ್ಕೊಂಡಿರು."

"ಏನ್ ಕೆಲ್ಸ ಮಾವ?"

ಅಷ್ಟರಲ್ಲಿ ಡೊರೀನ್ ಬಾಗಿಲು ತಟ್ಟಿ, ಮಾಂಸದ ಜೊತೆಗೆಂದು ವರ್ನಾ ಟೀಚರ್ ಮನೆಯಿಂದ ಕಡ ತಂದ ಈರುಳ್ಳಿಯನ್ನು ಒಳಗೆ ನೀಡಿದಳು. ಮಾವ ಡ್ರಾಯರಿನಿಂದ ಚಾಕು ತೆಗೆದು ಅಳಿಯನ ಕೈಗಿಟ್ಟು ಬೆನ್ನು ತಟ್ಟಿದರು.

"ತೆಳ್ಳಗೆ ಹೆಚ್ಚು. ದಪ್ಪ ಇದ್ರೆ ಲೆರಾಯ್‌ಗೆ ಸೇರಲ್ಲ."